ಇಪ್ಪತ್ನಾಲ್ಕು ಕಿರಣದ ರಜಾಯಿ

ಟ್ರೆಂದಾಫಿಲಾಳ ಅಪ್ಪ ಉಣ್ಣೆ ಹಿಂಜುವವನು. ಬಿತೋಲಾ ಊರಿನ ಹಳೇ ಬಜಾರಿನಲ್ಲಿ, ದ್ರಾಗೊರ್ ಹೊಳೆಗೆ ಬೆನ್ನು ಹಾಕಿದ ಸಾಲಿನಲ್ಲಿ ಅವನದು ಕೊನೆಯ ಅಂಗಡಿ. ಆಳುದ್ದದ ಬಿಲ್ಲನ್ನು ಜಂತಿಯಿಂದ ಇಳಿಬಿಟ್ಟು, ಮರದ ಗುಂಡಿನಿಂದ ಅದರ ಹೆದೆ ಮೀಟುತ್ತ ಬೆಳಗಿನಿಂದ ಸಂಜೆಯ ತನಕ ಹಾರುವ ಉಣ್ಣೆಯ ನಡುವೆ ನಿಂತಿರುತ್ತಿದ್ದ. ಮನೆಗೆ ಬಂದಾಗ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಬೆಳ್ಳಗೆ. ಹೆಂಡತಿ ಪೊರಕೆ ಹಿಡಿದು ಬಾಗಿಲಲ್ಲೇ ಅವನನ್ನು ಗುಡಿಸಿ ಒಳಗೆ ಬಿಟ್ಟುಕೊಳ್ಳುತ್ತಿದ್ದಳು. ಹಿಂಜಿದ ಉಣ್ಣೆಯನ್ನು ಹಳೇ ದುಪ್ಪಟಿಯಲ್ಲಿ ಗಂಟು ಕಟ್ಟಿ ಎದುರಂಗಡಿಗೆ ಮುಟ್ಟಿಸುವುದು ಮಗಳ ಪಾಲಿನ ಕೆಲಸ. ಎದುರಂಗಡಿ ರಜಾಯಿ ಹೊಲಿಯುವ ನಜ್ಮಿಯದು. ತುರ್ಕರವನು. ಕೈ ಪಳಗಿದ ಮೇಸ್ತ್ರಿಯನ್ನು ಅವರಲ್ಲಿ ಉಸ್ತಾ ಅನ್ನುತ್ತಾರೆ, ಹಾಗಾಗಿ ಇಡೀ ಬಜಾರಿಗೆ ಅವನು ಉಸ್ತಾ ನಜ್ಮಿ.

ಉಸ್ತಾನ ಅಂಗಡಿಯಲ್ಲಿ ಮೇಜು ಕುರ್ಚಿ ಇರಲಿಲ್ಲ. ಮೊಣಕಾಲೆತ್ತರದ ಹಲಗೆಯ ಜಗಲಿ, ಜಗಲಿಯ ಮೇಲೆ ಹಾಸಿದ ರಜಾಯಿ, ರಜಾಯಿಯ ಮೇಲೆ ಬರಿಗಾಲಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ಉಸ್ತಾ. ಬೆರಳುದ್ದದ ಸೂಜಿ ಸ್ಯಾಟಿನ್ ಬಟ್ಟೆಯೊಳಕ್ಕೆ ಮುಳುಗಿ, ಉಣ್ಣೆ ದಾಟಿ, ಕೆಳಗಿನ ಬಿಳಿ ಬಟ್ಟೆ ಮುಟ್ಟಿ ಮತ್ತೆ ಮೇಲೇಳುವಾಗ ‘ಟಪ್’ ಎಂದು ಸಣ್ಣ ಸದ್ದಾಗುತ್ತಿತ್ತು. ಎಂಟು ವರ್ಷದ ಟ್ರೆಂದಾ ಗಂಟು ಇಳಿಸಿ ಆ ಸದ್ದು ಕೇಳುತ್ತ ನಿಂತುಬಿಡುವಳು.

“ಏನೇ, ಉಣ್ಣೆ ಇಳಿಸಿ ಹೋಗೋದು ಬಿಟ್ಟು ಕಂಬದ ಹಾಗೆ ನಿಂತೆ?”

“ನೋಡ್ತಿದ್ದೀನಿ ಉಸ್ತಾ.”

“ನೋಡು. ನೆರಳು ಬೀಳದ ಕಡೆ ನಿಂತು ನೋಡು.”

ಒಂದು ದಿನ ಅವಳು ಹೋದಾಗ ಅಂಗಡಿಯ ಬಾಗಿಲು ಹಾಕಿತ್ತು. ಮಾರನೆಯ ದಿನವೂ ಹಾಕಿತ್ತು. “ಸೂರ್ಯ ಹೊಲೀತಿರಬೇಕು, ಮೂರು ದಿನ ಕೆಳಗಿಳಿಯೋಲ್ಲ” ಅಂದ ಅಪ್ಪ. ದೊಡ್ಡ ಮನೆಯ ಮದುವೆ ಬಂದರೆ ಮಾತ್ರ ಉಸ್ತಾ ಆ ರಜಾಯಿ ಮಾಡುತ್ತಿದ್ದ. ಅಂಗಡಿಯ ಮೇಲೇ ಅವನ ಮನೆ. ಬಟ್ಟೆ, ಉಣ್ಣೆ ಎಲ್ಲ ಮಹಡಿಗೆ ಹೊತ್ತು, ಕಿಟಕಿಯ ಪರದೆ ಎಳೆದು ಕೂರುತ್ತಿದ್ದ. ಒಳಗೆ ಏನು ಮಾಡುತ್ತಾನೆಂದು ಯಾರೂ ಕಂಡವರಿಲ್ಲ. ನಮಾಜು ಮಾಡುತ್ತ ಹೊಲಿಯುತ್ತಾನೆ ಎಂದು ಕೆಲವರು. ಅವನ ಕೈಯಲ್ಲಿ ಜಿನ್ನುಗಳಿವೆ ಎಂದು ಕಮ್ಮಾರ. ಏನೂ ಇಲ್ಲ, ಮೂರು ದಿನ ಗೊರಕೆ ಹೊಡೆಯುತ್ತಾನೆ ಎಂದು ಪಕ್ಕದಲ್ಲಿ ಬುರೆಕ್ ಎಂಬ ಪದರಗಡುಬು ಮಾರುವ ಅಂಗಡಿಯವನು.

ನಾಲ್ಕನೆಯ ದಿನ ಬೆಳಿಗ್ಗೆ ಉಸ್ತಾ ಆ ರಜಾಯಿಯನ್ನು ಮಹಡಿಯ ಕಟಕಟೆಯಿಂದ ಬೀದಿಗೆ ಇಳಿಬಿಟ್ಟ. ದಾಳಿಂಬೆ ಬಣ್ಣದ ಸ್ಯಾಟಿನ್. ನಡುವೆ ಅಂಗೈಯಗಲದ ಬಿಲ್ಲೆ, ಅದರಿಂದ ಹೊರಟ ಇಪ್ಪತ್ನಾಲ್ಕು ಕಿರಣ. ಒಂದೊಂದು ಕಿರಣವೂ ಮೆಣಸಿನಕಾಯಿಯ ಹಾಗೆ ಹೊಟ್ಟೆಯುಬ್ಬಿ, ಒಂದಿಷ್ಟು ಬಳುಕಿ, ಅಂಚಿನ ಹತ್ತಿರ ಚೂಪಾಗಿ ಮುಗಿಯುತ್ತಿತ್ತು. ಸೀಮೆಸುಣ್ಣದ ಗುರುತು ಒಂದೂ ಇಲ್ಲ. ಗಾಳಿಗೆ ಬಟ್ಟೆ ಅಲುಗಿದರೆ ಬೆಳಕು ಕಿರಣದಿಂದ ಕಿರಣಕ್ಕೆ ದಾಟುತ್ತ ಸುತ್ತು ಬರುತ್ತಿತ್ತು. ಕತ್ತೆಗಾಡಿಯವನು ಗಾಡಿ ನಿಲ್ಲಿಸಿದ. ಬುರೆಕ್ ಅಂಗಡಿಯವನು ಹಿಟ್ಟಿನ ಕೈಯಲ್ಲೇ ಹೊರಗೆ ಬಂದ. ಟ್ರೆಂದಾಳ ಕೈಯಲ್ಲಿದ್ದ ಉಣ್ಣೆಯ ಗಂಟು ಜಾರಿ ಕೆಸರಿಗೆ ಬಿತ್ತು, ಅವಳಿಗೆ ಗೊತ್ತೇ ಆಗಲಿಲ್ಲ. ಅಪ್ಪ ಬಂದು ಕಿವಿ ಹಿಂಡಿದಾಗಲೂ ಅವಳು ಕತ್ತೆತ್ತಿಕೊಂಡೇ ಇದ್ದಳಂತೆ.

ಆಮೇಲೆ ಅವಳು ದೊಡ್ಡವಳಾದಳು, ಯುದ್ಧ ಬಂತು, ಯುದ್ಧದ ನಡುವೆಯೇ ರೈಲ್ವೆಯ ಕೋಲೆಯ ಜೊತೆ ಮದುವೆಯಾಯಿತು, ಎರಡು ಹೆಣ್ಣುಮಕ್ಕಳಾದರು. ಅಪ್ಪ ಹೋದ. ಬಿಲ್ಲನ್ನು ಯಾರೋ ಕೊಂಡುಹೋದರು. ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಟ್ರೆಂದಾ ಮತ್ತೆ ಅದೇ ಅಂಗಡಿಯ ಮುಂದೆ ನಿಂತಳು. ಉಸ್ತಾನ ಗಡ್ಡ ನೆರೆತಿತ್ತು. ಅವನ ಹತ್ತಿರ ಕಲಿಯುತ್ತಿದ್ದವನು ಕಾರ್ಖಾನೆಗೆ ಸೇರಿಕೊಂಡಿದ್ದ. ಅಂಚು ಹೊಲಿಯಲು ಹೆಂಗಸರಿಗೆ ಕೆಲಸ ಕೊಡುವುದು ಆ ಕಸುಬಿನಲ್ಲಿ ವಾಡಿಕೆಯೇ. ಹೆಂಗಸರು ಮನೆಯಲ್ಲಿ ಅಂಚು ಹೊಲಿದು ತಂದುಕೊಡುತ್ತಿದ್ದರು, ಜಗಲಿ ಹತ್ತುತ್ತಿದ್ದವರು ಗಂಡಸರು ಮಾತ್ರ. ಟ್ರೆಂದಾ ಅಂಚು ಹೊಲಿದು ತರುತ್ತಿದ್ದಳು. ಮೂರನೆಯ ತಿಂಗಳು ಬಾಯಿ ಬಿಟ್ಟು ಕೇಳಿದಳು.

“ಉಸ್ತಾ, ನನಗೆ ಸೂರ್ಯ ಕಲಿಸಿ.”

“ಅಂಚು ಹೊಲಿಯೋಕೆ ಬಂದವಳು ನೀನು.”

“ಅಂಚು ಬಂತಲ್ಲ.”

ಉಸ್ತಾ ಅವಳು ತಂದ ಅಂಚಿನುದ್ದಕ್ಕೂ ಉಗುರು ಎಳೆದು ನೋಡಿದ. “ಬಂದಿದೆ” ಅಂದ. “ನಮ್ಮಪ್ಪ ನನಗೆ ಅದನ್ನ ಕಲಿಸಿದಾಗ ನನಗೆ ಮೂವತ್ತು. ನಿನಗೆಷ್ಟು?”

“ಇಪ್ಪತ್ತೊಂಬತ್ತು.”

“ಹಾಗಾದ್ರೆ ಇನ್ನೊಂದು ವರ್ಷ ಅಂಚು ಹೊಲಿ.”

ಮೂವತ್ತು ತುಂಬಿದ ದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಅವಳು ಕಟ್ಟೆಯ ಮೇಲೆ ಕೂತಿದ್ದಳು. “ಉಸ್ತಾ, ನನಗೆ ಇವತ್ತಿಗೆ ಮೂವತ್ತು.” ಉಸ್ತಾ ನಕ್ಕಿದ್ದನ್ನು ಅವಳು ಅವತ್ತೇ ಮೊದಲು ಕಂಡದ್ದು. ಮೇಲಿನಿಂದ ಅವನ ಹೆಂಡತಿ ಬೆಹಿಜೆ ಕಾಫಿ ತಂದಳು, ಜಗಲಿಯ ತುದಿಯಲ್ಲಿಟ್ಟು ಮಾತಿಲ್ಲದೆ ಹತ್ತಿಹೋದಳು. ಯಾವಾಗಲೂ ಅಷ್ಟೇ; ಬೆಹಿಜೆ ಅಂದರೆ ಕಾಫಿಯ ತಟ್ಟೆ, ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು.

ಹಳೇ ಬಟ್ಟೆಯ ತುಂಡಿನ ಮೇಲೆ ಒಂದೇ ಒಂದು ಕಿರಣ. ಅದು ಮೊದಲ ಪಾಠ, ಅದೇ ಕೊನೆಯ ಪಾಠವೂ ಆಯಿತು. ಟ್ರೆಂದಾ ಹೊಲಿದು ತೋರಿಸುವಳು, ಉಸ್ತಾ “ಬಿಚ್ಚು” ಅನ್ನುವನು. ಉಣ್ಣೆ ಎಲ್ಲಿ ದಪ್ಪವೋ ಅಲ್ಲಿ ದಾರವನ್ನು ಎಷ್ಟು ಬಿಗಿಯಬೇಕು, ಬಳುಕಿನಲ್ಲಿ ಸೂಜಿಯನ್ನು ಎಷ್ಟು ಓರೆ ಹಿಡಿಯಬೇಕು, ಇದನ್ನೆಲ್ಲ ಅವನು ಬಾಯಲ್ಲಿ ಹೇಳುತ್ತಿರಲಿಲ್ಲ. ಅವಳ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒತ್ತುತ್ತಿದ್ದ, ಅಷ್ಟೆ. ಎರಡು ವರ್ಷ ಎಂಟು ತಿಂಗಳು ಅವಳು ಒಂದೇ ಕಿರಣ ಹೊಲಿದು ಬಿಚ್ಚಿದಳು. “ನಿನ್ನ ಸೂರ್ಯ ಇವತ್ತೂ ಹುಟ್ಟಲಿಲ್ವಾ?” ಎಂದು ಕೋಲೆ ದಿನಾ ಕಿಚಾಯಿಸುತ್ತಿದ್ದ. “ನಮ್ಮ ರೈಲು ಪರವಾಗಿಲ್ಲ, ಮೂರು ಗಂಟೆ ತಡವಾದ್ರೂ ಬರುತ್ತೆ.”

ಕೊನೆಗೊಂದು ದಿನ ಉಸ್ತಾ ಬಿಚ್ಚು ಅನ್ನಲಿಲ್ಲ. ತುಂಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. “ಕಿರಣ ಬಂತು ಮಗಳೇ. ಇಪ್ಪತ್ನಾಲ್ಕನ್ನ ಒಂದು ಸುತ್ತಿನಲ್ಲಿ ಹೇಗೆ ಕೂರಿಸೋದು ಅನ್ನೋದೊಂದು ಉಳೀತು. ಅದಕ್ಕೆ ನೀನು ಮೇಲಕ್ಕೆ ಬರಬೇಕು.”

“ಯಾವಾಗ ಬರಲಿ?”

ಉಸ್ತಾ ದಾರದ ಉಂಡೆ ಹುಡುಕುವವನ ಹಾಗೆ ಬಗ್ಗಿದ. “ಹೇಳ್ತೀನಿ” ಅಂದ.

ಹೇಳಲಿಲ್ಲ. ನಾಳೆ, ಮುಂದಿನ ವಾರ, ಹಬ್ಬ ಮುಗಿಯಲಿ ಎಂದು ದಿನ ತಳ್ಳಿದ. ಆ ವರ್ಷಗಳಲ್ಲಿ ಬಿತೋಲಾದ ತುರ್ಕರು ಮನೆಮನೆಯೇ ಗಂಟು ಕಟ್ಟಿಕೊಂಡು ತುರ್ಕಿ ದೇಶಕ್ಕೆ ಹೊರಟಿದ್ದರು. ಸಾವಿರದ ಒಂಬೈನೂರ ಐವತ್ತೈದನೆಯ ಇಸವಿಯ ವಸಂತದಲ್ಲಿ ಉಸ್ತಾನ ಕಾಗದಪತ್ರವೂ ಬಂತು. ಅಲ್ಲಿನ ಬುರ್ಸಾ ಊರಿನಲ್ಲಿ ಅವನ ತಮ್ಮನಿದ್ದ. ರೈಲು ಮುಂದಿನ ವಾರ ಎಂದುಕೊಂಡಿದ್ದರೆ ಆ ಗುರುವಾರವೇ ಹೊರಡಬೇಕೆಂದಾಯಿತು. ಟ್ರೆಂದಾ ಸ್ಟೇಷನ್ನಿಗೆ ಓಡಿದಳು. ಮಂಚದ ಕಾಲು, ತಾಮ್ರದ ಹಂಡೆ, ಕೋಳಿಯ ಬುಟ್ಟಿ, ಅಳುವ ಮಕ್ಕಳು. ಅವುಗಳ ನಡುವೆ ಉಸ್ತಾ ಕೋಟು ತೊಟ್ಟು ನಿಂತಿದ್ದ, ಪಕ್ಕದಲ್ಲಿ ಬೆಹಿಜೆ.

“ಟ್ರೆಂದಾ, ನಿನಗೆ ಒಂದು ಮಾತು ಹೇಳಬೇಕಿತ್ತು ನಾನು…” ಅಂದವನು ಹೆಂಡತಿಯ ಕಡೆ ನೋಡಿದ. ಬೆಹಿಜೆಯೂ ಅವನನ್ನೇ ನೋಡುತ್ತಿದ್ದಳು. ಹಿಂದಿನಿಂದ ಯಾರೋ ಪೆಟ್ಟಿಗೆ ನೂಕಿದರು, ರೈಲಿನವರು ಹತ್ತಿ ಹತ್ತಿ ಎಂದು ಕೂಗಿದರು. ಕಿಟಕಿಯಿಂದ ಅವನು ಇನ್ನೂ ಏನೋ ಹೇಳುತ್ತಿದ್ದ, ಕೇಳಿಸಲಿಲ್ಲ. ವರ್ಷ ತುಂಬುವ ಮೊದಲೇ ಉಸ್ತಾ ತೀರಿಕೊಂಡನೆಂದು ಬುರ್ಸಾ ಕಡೆಯಿಂದ ಬಂದವರು ಹೇಳಿದರು.

ಟ್ರೆಂದಾ ಎರಡು ದಿನ ಅತ್ತಳು. ಮೂರನೆಯ ದಿನ ಮನೆಯ ನೆಲದ ಮೇಲೆ ಬಟ್ಟೆ ಹಾಸಿ ಸೂರ್ಯ ಹೊಲಿಯಲು ಕೂತಳು. ಮೊದಲ ಕಿರಣ ಬಂತು, ಎರಡನೆಯದು ಬಂತು, ಪಕ್ಕಪಕ್ಕದಲ್ಲೇ ಸುತ್ತಿಕೊಂಡು ಇಪ್ಪತ್ತರ ತನಕ ಚೆನ್ನಾಗೇ ಬಂತು. ಇಪ್ಪತ್ತೊಂದಕ್ಕೆ ಕಾಟ ಶುರು. ಹೊಲಿಗೆ ಬಿದ್ದಲ್ಲೆಲ್ಲ ಬಟ್ಟೆ ಒಳಕ್ಕೆ ಎಳೆದುಕೊಳ್ಳುತ್ತದೆ, ಮುಂದೆ ಉಳಿದ ಬಟ್ಟೆ ಸಡಿಲಾಗಿ ಗುಂಪಾಗುತ್ತದೆ. ಕೊನೆಯ ಕಿರಣಕ್ಕೆ ಬಂದಾಗ ಅಲ್ಲಿ ಮಳೆಗಾಲದ ಕಪ್ಪೆಯ ಹಾಗೆ ಊದಿಕೊಂಡ ಒಂದು ಗುಳ್ಳೆ. ಸೀಮೆಸುಣ್ಣದಲ್ಲಿ ಮೊದಲೇ ಬರೆದುಕೊಂಡರೆ ಗೆರೆಯೂ ಬಟ್ಟೆಯ ಜೊತೆ ಸರಿದುಬಿಡುತ್ತಿತ್ತು. ಅವಳು ಬಿಚ್ಚಿದಳು. ಆವತ್ತಿನಿಂದ ಪ್ರತಿ ಚಳಿಗಾಲ ಒಂದು ಸೂರ್ಯ ಹೊಲಿದು ಒಂದು ಸೂರ್ಯ ಬಿಚ್ಚುವುದು ಅವಳ ವ್ರತವೇ ಆಗಿಹೋಯಿತು.

ಐವತ್ತೇಳರಲ್ಲಿ ಊರಿನ ಮಹಿಳಾ ಸಂಘದವರು ಹೊಲಿಗೆ ತರಗತಿ ತೆರೆದರು. ರಜಾಯಿ ಕಲಿಸಲು ಟ್ರೆಂದಾಳನ್ನು ಕರೆದರು. ಮೊದಲ ವರ್ಷ ಹದಿನಾಲ್ಕು ಜನ ಬಂದರು. ಹೊಗೆಸೊಪ್ಪು ಬೇರ್ಪಡಿಸುವ ಹೆಂಗಸರು, ಇಬ್ಬರು ಸೊಸೆಯಂದಿರು, ಒಬ್ಬಳು ನರ್ಸು. ಮೊದಲ ವಾರ ಅವಳು ಯಾರ ಕೈಗೂ ಸೂಜಿ ಕೊಡಲಿಲ್ಲ, ಹೇಸಲ್ ಮರದ ಕೋಲು ಕೊಟ್ಟಳು. “ತಟ್ಟಿ. ಉಣ್ಣೆ ಸಮ ಆಗೋ ತನಕ ತಟ್ಟಿ.” ಹೆಂಗಸರು ತೋಳು ನೋವೆಂದು ಗೊಣಗಿದರು. ಅತ್ತೆಯನ್ನು ನೆನೆಸಿಕೊಂಡು ಹೊಡೆದರೆ ನೋವಾಗುವುದಿಲ್ಲ ಎಂದು ಒಬ್ಬಳು ಅಂದ ಮೇಲೆ ಕೆಲಸ ಜೋರಾಯಿತು.

ಅವಳದೊಂದು ಪರೀಕ್ಷೆಯಿತ್ತು. ಮೊದಲ ರಜಾಯಿ ಮುಗಿದ ದಿನ ಎಲ್ಲರೂ ಸಭಾಂಗಣದ ನೆಲದ ಮೇಲೆ ತಾವು ಹೊಲಿದದ್ದನ್ನೇ ಹೊದ್ದು ಮಲಗಬೇಕು. ಬೆಳಿಗ್ಗೆ ಹತ್ತು ಗಂಟೆಗೆ ಹದಿನಾಲ್ಕು ಹೆಂಗಸರು ಕತ್ತಿನ ತನಕ ಹೊದ್ದು ಸಾಲಾಗಿ ಮಲಗಿದ್ದಾಗ ಸಂಘದ ಕಾರ್ಯದರ್ಶಿ ಒಳಗೆ ಬಂದು ಹೌಹಾರಿದ. “ಏನಾಯ್ತ್ರೀ ಇವರಿಗೆ? ಡಾಕ್ಟರನ್ನ ಕರೀಲಾ?”

“ಮೆಲ್ಲಗೆ ಮಾತಾಡಿ” ಅಂದಳು ಟ್ರೆಂದಾ. “ಗಂಟು ಎಲ್ಲಿ ಒತ್ತುತ್ತೆ, ಗಾಳಿ ಎಲ್ಲಿ ನುಗ್ಗುತ್ತೆ ಅಂತ ಮೈಗೆ ಗೊತ್ತಾಗ್ತಿದೆ.” ಅಷ್ಟರಲ್ಲಿ ನರ್ಸು ನಿಜವಾಗಿಯೂ ನಿದ್ದೆ ಹೋಗಿದ್ದಳು. ಅವಳನ್ನು ಎಬ್ಬಿಸಲು ಟ್ರೆಂದಾ ಬಿಡಲಿಲ್ಲ. ಅವತ್ತಿನ ತರಗತಿಯಲ್ಲಿ ಮೊದಲ ಸ್ಥಾನ ಅವಳಿಗೇ.

ಎಲೆ, ಗುಲಾಬಿ, ನವಿಲುಗರಿ, ಅಲೆ ಎಲ್ಲ ಕಲಿಸಿದಳು. ಯಾರಾದರೂ ಸೂರ್ಯ ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದಳು, “ಅದರಲ್ಲಿ ನನಗೆ ಒಂದು ಕಿರಣ ಗೊತ್ತು. ಮಿಕ್ಕ ಇಪ್ಪತ್ಮೂರು ನನ್ನ ಉಸ್ತಾ ತಗೊಂಡು ಹೋದ.”

ಅರವತ್ತೊಂಬತ್ತರ ಶರತ್ಕಾಲದಲ್ಲಿ, ಊರಿನ ಅಂಗಳಗಳಲ್ಲೆಲ್ಲ ಕೆಂಪು ಮೆಣಸು ಸುಡುವ ವಾಸನೆ ತುಂಬಿದ್ದಾಗ, ಸೆವ್ದಿಯೆ ಬಂದಳು. ಬಾಯಿರ್ ಗುಡ್ಡದ ರೋಮಾ ಕೇರಿಯವಳು, ಊರವರು ಜಿಪ್ಸಿಗಳೆಂದು ದೂರವಿಡುತ್ತಿದ್ದ ಜನರವಳು, ಮೂವತ್ತೈದರ ಹೆಂಗಸು. ಅಪ್ಪ ಡೋಲು ಕಟ್ಟುವವನು, ಗಂಡನೂ ಡೋಲು ಕಟ್ಟುವವನು. ಅವಳು ಬಾಗಿಲಲ್ಲಿ ನಿಂತಾಗ ದರ್ಜಿಯ ಹೆಂಡತಿ ರಿಸ್ತಾನಾ ತನ್ನ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

“ನಾನು ಇವಳ ಪಕ್ಕ ಕೂರೋಲ್ಲ, ಟ್ರೆಂದಕ್ಕ.”

“ಸರಿ. ನಿಂತು ಹೊಲಿ.”

ರಿಸ್ತಾನಾ ಅರ್ಧ ಗಂಟೆ ನಿಂತಳು. ನಿಂತು ರಜಾಯಿ ಹೊಲಿಯುವುದು ಆಗದ ಮಾತು. ಮುಖ ಊದಿಸಿಕೊಂಡು ಕೂತಳು. “ಹೆದರಬೇಡ ತಾಯಿ, ನನ್ನ ಹತ್ತಿರ ನನ್ನದೇ ಸೂಜಿ ಇದೆ” ಅಂದಳು ಸೆವ್ದಿಯೆ. ಸುತ್ತಲಿದ್ದವರು ನಕ್ಕರು, ರಿಸ್ತಾನಾಳ ತುಟಿಯೂ ಒಂದಿಷ್ಟು ಅಲುಗಿತು.

ಸೆವ್ದಿಯೆಯ ಕೈ ಒರಟು, ಚರ್ಮ ಎಳೆದೂ ಎಳೆದೂ ಬೆರಳ ಗೆಣ್ಣು ದಪ್ಪಗಾಗಿದ್ದವು. ಹೊಲಿಗೆ ನಿಧಾನ. ಆದರೆ ಹೊಲಿದದ್ದನ್ನು ಬಿಚ್ಚುವ ಪ್ರಮೇಯ ಬರುತ್ತಿರಲಿಲ್ಲ. ಬಟ್ಟೆ ಎಷ್ಟು ಬಿಗಿದಿದೆಯೆಂದು ನೋಡಲು ಬೆರಳಿಂದ ಒಮ್ಮೆ ತಟ್ಟಿ ಕಿವಿ ವಾಲಿಸುತ್ತಿದ್ದಳು. ಟ್ರೆಂದಾಗೆ ಇದು ಹೊಸದು. ತಾನೂ ತಟ್ಟಿ ನೋಡಿದಳು. ಹೌದಲ್ಲ! ಬಿಗಿಯಿದ್ದ ಕಡೆ ಒಂದು ದನಿ, ಸಡಿಲಿದ್ದ ಕಡೆ ಇನ್ನೊಂದು. ಹನ್ನೆರಡು ವರ್ಷ ಕಲಿಸಿದವಳು ಅವತ್ತು ಮನೆಗೆ ಹೋಗಿ ಗಂಡನಿಗೆ ಹಾಸಿಗೆಯನ್ನೆಲ್ಲ ತಟ್ಟಿ ತಟ್ಟಿ ಕೇಳಿಸಿದಳು.

ಆ ಚಳಿಗಾಲದ ಸೂರ್ಯವನ್ನು ಟ್ರೆಂದಾ ತರಗತಿಯಲ್ಲೇ ಹೊಲಿಯುತ್ತಿದ್ದಳು. ಜನವರಿಯ ಒಂದು ಮಧ್ಯಾಹ್ನ ಕೊನೆಯ ಕಿರಣಕ್ಕೆ ಬಂದು ಎಂದಿನಂತೆ ಆ ಗುಳ್ಳೆಯ ಮುಂದೆ ಸೂಜಿ ಇಟ್ಟು ಕೂತಿದ್ದಳು. ಹೊರಗೆ ಪೆಲಿಸ್ತೆರ್ ಬೆಟ್ಟದಿಂದ ಬಂದ ಹಿಮ ಕಿಟಕಿಗೆ ಬಡಿಯುತ್ತಿತ್ತು. ಸೆವ್ದಿಯೆ ಬಂದು ರಜಾಯಿಯ ಸುತ್ತ ಮಂಡಿಯೂರಿ, ಒಂದೊಂದೇ ಕಿರಣ ತಟ್ಟುತ್ತ ಹೋದಳು.

“ಟ್ರೆಂದಕ್ಕ, ಒಂದು ಮಾತು ಹೇಳಿದ್ರೆ ಬೈಯಲ್ಲ ತಾನೆ?”

“ಬೈಯೋದು ಆಮೇಲೆ. ಹೇಳು.”

“ನಮ್ಮ ಮನೇಲಿ ಯಾರಾದ್ರೂ ಹೀಗೆ ಡೋಲು ಬಿಗಿದಿದ್ರೆ ಅಪ್ಪ ಅದನ್ನ ಅವನ ತಲೆಗೇ ಹಾಕ್ತಿದ್ದ. ಒಂದು ಕಡೆಯಿಂದ ಹಗ್ಗ ಬಿಗೀತಾ ಸುತ್ತು ಬಂದ್ರೆ ಚರ್ಮ ಪೂರ್ತಿ ಒಂದೇ ಕಡೆ ಎಳ್ಕೊಳ್ಳುತ್ತೆ. ಇಲ್ಲೊಂದು ಬಿಗಿದ್ರೆ ಅದರ ಎದುರಿಗೊಂದು. ಆಮೇಲೆ ಈ ಪಕ್ಕ ಒಂದು, ಆ ಪಕ್ಕ ಒಂದು.”

ಟ್ರೆಂದಾ ಆ ಗುಳ್ಳೆಯನ್ನು ಬೆರಳಿಂದ ಒಮ್ಮೆ ತಟ್ಟಿದಳು. ಕತ್ತರಿ ತೆಗೆದುಕೊಂಡು ಸೂರ್ಯವನ್ನು ಬಿಚ್ಚಲು ಶುರು ಮಾಡಿದಳು. ಸೆವ್ದಿಯೆ ಬೆದರಿ, “ಅಯ್ಯೋ, ಸುಮ್ನೆ ಅಂದೆ ಅಕ್ಕ” ಅಂದಳು. “ನೀನೂ ಆ ಕಡೆಯಿಂದ ಬಿಚ್ಚು” ಅಂದಳು ಟ್ರೆಂದಾ.

ಮಾರನೆಯ ದಿನ ಮೊದಲು ಟ್ರೆಂದಾ ಒಬ್ಬಳೇ ಎದುರುಬದುರು ಹೊಲಿದು ನೋಡಿದಳು. ಒಂದು ಕಿರಣ ಹೊಲಿದು, ಎದ್ದು, ಸುತ್ತಿಕೊಂಡು ಹೋಗಿ, ಅದರ ಎದುರಿನದನ್ನು ಹೊಲಿಯಬೇಕು. ಅಷ್ಟರಲ್ಲಿ ನಡುವಿನ ಬಿಲ್ಲೆ ಎರಡು ಬೆರಳು ಈಚೆಗೆ ಸರಿದಿರುತ್ತಿತ್ತು.

“ಇದು ಒಬ್ಬರ ಕೆಲಸ ಅಲ್ಲ” ಅಂದಳು ಸೆವ್ದಿಯೆ. “ನಮ್ಮೆಜಮಾನ ಎಳೆಯೋವಾಗ ಮೈದುನ ಎದುರಿಗೆ ಕೂತು ಎಳೀತಾನೆ. ಒಂದೇ ಸಲಕ್ಕೆ.”

“ಹಾಗಾದ್ರೆ ಕೂರು.”

ಇಬ್ಬರೂ ಎದುರುಬದುರು ಕೂತರು. ಒಂದೇ ಹೊತ್ತಿಗೆ ಸೂಜಿ ಚುಚ್ಚಿದರು, ಒಂದೇ ಹೊತ್ತಿಗೆ ದಾರ ಎಳೆದರು. ಇವಳು ಅತ್ತ ಎಳೆದಷ್ಟೇ ಅವಳು ಇತ್ತ ಎಳೆದಾಗ ನಡುವಿನ ಬಿಲ್ಲೆ ಕೂತಲ್ಲೇ ಕೂತಿತ್ತು. ಎರಡು ಕಿರಣವಾಯಿತು, ಅಡ್ಡಡ್ಡಕ್ಕೆ ಇನ್ನೆರಡು, ಅವುಗಳ ಮಧ್ಯದಲ್ಲಿ ನಾಲ್ಕು. ಎಂಟಾದ ಮೇಲೆ ಪ್ರತಿ ಸಂದಿಗೆ ಎರಡೆರಡು. ಮೂರು ದಿನ ಹಿಡಿಯಿತು. ಕೋಣೆಯಲ್ಲಿ ಯಾರೂ ತಮ್ಮ ಕೆಲಸ ಮಾಡಲಿಲ್ಲ. ರಿಸ್ತಾನಾ ಇಬ್ಬರಿಗೂ ಸೂಜಿಗೆ ದಾರ ಪೋಣಿಸಿ ಕೊಡುತ್ತ ಕೂತಳು, ಒಬ್ಬರಿಗೆ ಒಂದೆಳೆ ಹೆಚ್ಚಿಲ್ಲ, ಇನ್ನೊಬ್ಬರಿಗೆ ಕಡಿಮೆಯಿಲ್ಲ.

ಮೂರನೆಯ ದಿನ ಮಧ್ಯಾಹ್ನ ಇಪ್ಪತ್ಮೂರನೆಯ ಕಿರಣ ಟ್ರೆಂದಾಳ ಕಡೆ, ಇಪ್ಪತ್ನಾಲ್ಕನೆಯದು ಸೆವ್ದಿಯೆಯ ಕಡೆ ಮುಗಿದವು. ಗುಳ್ಳೆಯಿಲ್ಲ. ನಾಲ್ಕು ಜನ ರಜಾಯಿಯ ಮೂಲೆ ಹಿಡಿದು ಎತ್ತಿ ಗೋಡೆಗೆ ತೂಗುಹಾಕಿದರು. ಹಿಮ ನಿಂತು ಬಿಸಿಲು ಬಿದ್ದಿತ್ತು. ಬೆಳಕು ಒಂದು ಕಿರಣದ ಹೊಟ್ಟೆಯಿಂದ ಮುಂದಿನದರ ಹೊಟ್ಟೆಗೆ, ಅಲ್ಲಿಂದ ಅದರ ಮುಂದಿನದಕ್ಕೆ ಹರಿಯುತ್ತ ಇಡೀ ಸುತ್ತು ಬಂತು, ಎಲ್ಲೂ ಎಡವಲಿಲ್ಲ. ಹೊಗೆಸೊಪ್ಪಿನ ಕೆಲಸದ ಮುದುಕಿಯೊಬ್ಬಳು ಶಿಲುಬೆಯ ಗುರುತು ಮಾಡಿಕೊಂಡಳು. ಟ್ರೆಂದಾ ಮುಂದೆ ಹೋಗಿ ಕಿರಣಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದಳು. ಎಣಿಸಿ ಮುಗಿದ ಮೇಲೆ ಇನ್ನೊಮ್ಮೆ ಎಣಿಸಿದಳು. ಯಾವುದು ತನ್ನದು, ಯಾವುದು ಸೆವ್ದಿಯೆಯದು ಎಂದು ಅವಳಿಗೇ ಗೊತ್ತಾಗಲಿಲ್ಲ.

ಆದರೆ ಆಮೇಲೆ ಒಂದು ಪ್ರಶ್ನೆ ಅವಳ ತಲೆ ಕೊರೆಯತೊಡಗಿತು. ಇಬ್ಬರು ಬೇಕೇಬೇಕಾದ ಕೆಲಸವನ್ನು ಉಸ್ತಾ ಒಬ್ಬನೇ ಹೇಗೆ ಮಾಡುತ್ತಿದ್ದ? “ಅವನು ದೊಡ್ಡವನು, ಅವನಿಗೆ ಬೇರೆ ದಾರಿ ಗೊತ್ತಿತ್ತು, ನಾವು ಮಾಡಿದ್ದು ಅಡ್ಡದಾರಿ” ಎಂದು ಕೋಲೆಯ ಹತ್ತಿರ ಹೇಳಿಕೊಂಡಳು. ಕೋಲೆ ಮೀಸೆ ತಿರುವಿ, “ಸೂರ್ಯ ಹುಟ್ಟಿದ ಮೇಲೂ ನಿನಗೆ ಬೆಳಗಾಗಲಿಲ್ಲ” ಅಂದ.

ಮರುವರ್ಷದ ಬೇಸಗೆಯಲ್ಲಿ ತುರ್ಕಿಯಿಂದ ಹಳೇ ಊರು ನೋಡಲೆಂದು ಕೆಲವರು ಬಸ್ಸಿನಲ್ಲಿ ಬಂದರು. ಒಂದು ಬೆಳಿಗ್ಗೆ ತರಗತಿಯ ಬಾಗಿಲಿಗೆ ಎಪ್ಪತ್ತು ದಾಟಿದ ಮುದುಕಿಯೊಬ್ಬಳು ಮೊಮ್ಮಗಳ ತೋಳು ಹಿಡಿದು ಬಂದಳು. ಕೊರಳಿಗೆ ಬಿಳಿ ಶಾಲು ಸುತ್ತಿತ್ತು. ಟ್ರೆಂದಾಗೆ ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು.

“ಬೆಹಿಜೆ ಅಮ್ಮ!”

ಅಪ್ಪಿಕೊಂಡು ಅತ್ತರು. ಕುರ್ಚಿ ಬಂತು, ಕಾಫಿ ಬಂತು, ಚಮಚದಲ್ಲಿ ಹಣ್ಣಿನ ಪಾಕ ಬಂತು. ಮುದುಕಿಯ ಕಣ್ಣು ಗೋಡೆಯ ಮೇಲೆ ಹೋಯಿತು. ಎದ್ದು ಹತ್ತಿರ ಹೋಗಿ, ಶಾಲು ಹಿಂದಕ್ಕೆ ಸರಿಸಿ, ನಡುವಿನ ಬಿಲ್ಲೆಯ ಮೇಲೆ ಅಂಗೈ ಇಟ್ಟಳು. ತಿರುಗಿ ನೋಡಿದಾಗ ಅವಳ ಮುಖದಲ್ಲಿ ನಗುವಿತ್ತು.

“ಚೆನ್ನಾಗಿ ಕೂತಿದೆ. ನನ್ನ ಜಾಗದಲ್ಲಿ ಯಾರು ಕೂತಿದ್ರು?”

ಟ್ರೆಂದಾಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಗೋಡೆಯ ರಜಾಯಿಯನ್ನೊಮ್ಮೆ, ಮುದುಕಿಯನ್ನೊಮ್ಮೆ ನೋಡಿದಳು.

“ನೀವಾ?”

“ಮತ್ತಿನ್ನಾರು? ಮದುವೆಯಾದ ಮೊದಲ ವರ್ಷದಿಂದ. ಅವರಮ್ಮ ಅವರಪ್ಪನ ಎದುರು ಕೂರ್ತಿದ್ಲು. ಆಕೆ ಎದ್ದ ಜಾಗದಲ್ಲಿ ನಾನು ಕೂತೆ.” ಮುದುಕಿ ಬಲಗೈಯ ನಡುಬೆರಳು ಮುಂದೆ ಚಾಚಿದಳು. ಹಿತ್ತಾಳೆಯ ಬೆರಳುಟೋಪಿ ಅರ್ಧ ಶತಮಾನ ಕೂತಲ್ಲಿ ಉಗುರಿನ ಸುತ್ತ ಬಳೆಯಂಥ ಆಳವಾದ ಗುರುತು ಬಿದ್ದಿತ್ತು. “ಗಂಡಸರ ಕಸುಬು ನೋಡು. ಉಸ್ತಾನ ಸೂರ್ಯದಲ್ಲಿ ಅರ್ಧ ಹೆಂಡತಿದು ಅಂದ್ರೆ ಬಜಾರಿನವರು ಬಿಡ್ತಿದ್ರಾ? ಅದಕ್ಕೇ ಬಾಗಿಲು, ಅದಕ್ಕೇ ಪರದೆ. ಅವಳನ್ನ ಮೇಲಕ್ಕೆ ಕರ್ಕೊಂಡು ಬನ್ನಿ, ನಾನು ಕೂತು ತೋರಿಸ್ತೀನಿ ಅಂತ ಎಷ್ಟು ಸಲ ಹೇಳಿದೆ. ನಾಳೆ, ನಾಳೆ. ಸ್ಟೇಷನ್ನಲ್ಲೂ ಬಾಯಿ ತೆರೆದು ಮುಚ್ಕೊಂಡ. ರೈಲಲ್ಲಿ ಗಡಿ ದಾಟೋ ತನಕ ಅತ್ತ. ‘ಬೆಹಿಜೆ, ಆ ಹುಡುಗಿಗೆ ಅರ್ಧ ಸುಳ್ಳು ಕಲಿಸಿ ಬಂದೆ’ ಅಂತ.”

ನಲವತ್ತು ವರ್ಷ ಟ್ರೆಂದಾ ಒಬ್ಬನ ಕೈಯನ್ನು ಕಂಡು ಬೆರಗಾಗಿದ್ದಳು. ಕಾಫಿಯ ತಟ್ಟೆ ಹಿಡಿದು ಮೆಟ್ಟಿಲಿಳಿದು ಬರುತ್ತಿದ್ದ ಆ ಇನ್ನೊಂದು ಕೈ ಅವಳ ಕಣ್ಣಳತೆಯಲ್ಲೇ ಇತ್ತು. ಆ ಬೆರಳನ್ನು ಒಮ್ಮೆಯೂ ನೋಡಿರಲಿಲ್ಲ. ಅವಳು ಮುದುಕಿಯ ಬೆರಳನ್ನು ಎರಡೂ ಕೈಯಲ್ಲಿ ಹಿಡಿದು, ತುಟಿಗೆ ಒತ್ತಿ, ಹಣೆಗೆ ಮುಟ್ಟಿಸಿಕೊಂಡಳು. ಆ ಊರಿನಲ್ಲಿ ದೊಡ್ಡವರಿಗೆ ಹಾಗೆ ಮಾಡುವುದು ಪದ್ಧತಿ, ಉಸ್ತಾಗಳಿಗೂ ಹಾಗೇ ಮಾಡುತ್ತಾರೆ.

“ಬೆಹಿಜೆ ಉಸ್ತಾ” ಅಂದಳು.

ಮುದುಕಿ ಕೈ ಬಿಡಿಸಿಕೊಂಡಳು. “ಸಾಕು ಸಾಕು, ಕಾಫಿ ಆರ್ತಿದೆ. ನಿನ್ನ ಎದುರು ಕೂತವಳನ್ನ ಕರಿ.”

ಸೆವ್ದಿಯೆಯನ್ನು ಮುಂದೆ ತಳ್ಳಿದರು. ಬೆಹಿಜೆ ಅವಳ ದಪ್ಪ ಗೆಣ್ಣುಗಳನ್ನು ಒತ್ತಿ ನೋಡಿ, “ಇದು ಎಳೆಯೋ ಕೈ” ಅಂದಳು. ಬಸ್ಸು ಹೊರಡಲು ಇನ್ನೂ ಹನ್ನೆರಡು ದಿನವಿತ್ತು. ಹನ್ನೆರಡು ದಿನವೂ ಅವಳು ತರಗತಿಗೆ ಬಂದಳು. ಕಣ್ಣು ಮಂಜಾಗಿದ್ದರಿಂದ ದಾರ ಪೋಣಿಸುವುದು ಆಗುತ್ತಿರಲಿಲ್ಲ, ಆದರೆ ಸೂಜಿ ಕೈಗೆ ಬಂದ ಮೇಲೆ ಕಣ್ಣು ಬೇಕಾಗುತ್ತಿರಲಿಲ್ಲ. ಬಿಲ್ಲೆಯ ಸುತ್ತ ಉಣ್ಣೆಯನ್ನು ಒಂದು ಹಿಡಿ ಹೆಚ್ಚು ಇಡಬೇಕೆಂದು, ಜೋಡಿ ಕೂತವರು ಉಸಿರು ಸೇರಿಸಿ ದಾರ ಎಳೆಯಬೇಕೆಂದು ತೋರಿಸಿದಳು. “ಜಗಳ ಆಡಿದ ದಿನ ಸೂರ್ಯ ಹೊಲೀಬೇಡಿ. ನಾವು ಆಡಿದ ದಿನ ಬಿಲ್ಲೆ ಯಾವಾಗಲೂ ನನ್ನ ಕಡೆಗೇ ಸರಿಯೋದು” ಎಂದು ನಕ್ಕಳು. ಕೊನೆಯ ದಿನ ಟ್ರೆಂದಾ ಗೋಡೆಯ ಮೇಲಿನ ರಜಾಯಿಯನ್ನು ಮಡಿಸಿ ಅವಳ ಮಡಿಲಿಗಿಟ್ಟಳು. ಬೆಹಿಜೆ ಬೇಡವೆನ್ನಲಿಲ್ಲ.

ಕೆಲವು ವರ್ಷದ ಮೇಲೆ ತರಗತಿ ದೊಡ್ಡದಾಗಿ ಇನ್ನೊಬ್ಬ ಟೀಚರ್ ಬೇಕಾದರು. ಟ್ರೆಂದಾ ಸೆವ್ದಿಯೆಯ ಹೆಸರು ಹೇಳಿದಳು. ಸಂಘದವರು ಮುಖ ಮುಖ ನೋಡಿಕೊಂಡರು. ರೋಮಾ ಕೇರಿಯವಳು ಕಲಿಸಿದರೆ ಜನ ಬರುತ್ತಾರೆಯೇ ಎಂದು ಕಾರ್ಯದರ್ಶಿ ಕೇಳಿದ. ಟ್ರೆಂದಾ ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಸಭೆಯ ಹಿಂದಿನ ಸಾಲಿನಲ್ಲಿದ್ದ ರಿಸ್ತಾನಾ ಎದ್ದು ನಿಂತಳು. “ನಾನು ಬರ್ತೀನಿ. ನನ್ನ ಸೊಸೆಯನ್ನೂ ಕರ್ಕೊಂಡು ಬರ್ತೀನಿ. ಸೊಸೆ ಬರಲ್ಲ ಅಂದ್ರೆ ಎಳ್ಕೊಂಡು ಬರ್ತೀನಿ.” ಆ ವರ್ಷ ಸೇರಿದವರು ಮೂವತ್ತೊಂದು ಜನ. ಸೆವ್ದಿಯೆ ಮೊದಲ ದಿನ ಕೋಲಿನ ಬದಲು ಒಂದು ಡೋಲು ತಂದು ಎಲ್ಲರ ಕೈಯಲ್ಲೂ ತಟ್ಟಿಸಿದಳು. ಮೇಲಿನ ಮಹಡಿಯ ಕಚೇರಿಯವರು ಬಂದು ಜಗಳವಾಡಿ ಹೋದರು.

ಟ್ರೆಂದಾ ಕಲಿಸುವುದನ್ನು ಬಿಟ್ಟ ಮೇಲೂ ತರಗತಿಗೆ ಬರುವುದನ್ನು ಬಿಡಲಿಲ್ಲ. ಜೋಡಿ ಸಿಗದವರ ಎದುರು ಕೂರುತ್ತಿದ್ದಳು. ಎಪ್ಪತ್ತನೆಯ ವಯಸ್ಸಿನಲ್ಲಿ ಅವಳು ಹೊಲಿದ ಸೂರ್ಯಕ್ಕೆ ಜೋಡಿಯಾಗಿದ್ದವಳು ಅಂಚೆ ಕಚೇರಿಯ ಹುಡುಗಿ, ಲೆಂಚೆ. ಮೊದಲ ಸೂಜಿ ಚುಚ್ಚುವ ಮುಂಚೆ ಅವಳು ಅಂಗೈಯನ್ನು ಬಟ್ಟೆಗೆ ಎರಡು ಸಲ ಒರೆಸಿಕೊಂಡಳು.

“ಟ್ರೆಂದಮ್ಮ, ಇಷ್ಟು ಹೊಲಿದಿದ್ದೀರಲ್ಲ, ನಿಮಗೆ ಭಯ ಆಗಲ್ವಾ?”

“ಯಾಕಾಗಲ್ಲ? ಎಷ್ಟು ಹೊಲಿದ್ರೂ ಇದು ಹೇಗೆ ಬಂದು ಕೂತುಕೊಳ್ಳುತ್ತೆ ಅಂತ ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಉಸಿರು ತಗೋ. ಈಗ ಎಳಿ.”

ನಾಲ್ಕನೆಯ ದಿನ ಅದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಹಸಿರು ಸ್ಯಾಟಿನ್ ಅದು, ಎಳೆಯ ದ್ರಾಕ್ಷಿಯ ಬಣ್ಣ. ಲೆಂಚೆ ಬಾಯಿಗೆ ಕೈ ಅಡ್ಡ ಹಿಡಿದಳು. ಟ್ರೆಂದಾಳ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅದನ್ನು ಮೇಲೇರಿಸದೆ, ಊಟದ ಹೊತ್ತು ಮೀರಿತೆಂದು ಯಾರೋ ಕರೆದರೂ ಓಗೊಡದೆ, ಅವಳು ನೋಡುತ್ತಲೇ ಇದ್ದಳು.